ಡಬ್ಬಿಯೊಳಗಿನ ಮರುದನಿ

ಹಳೆಯ ಬಾವಿಗೆ ಬಗ್ಗಿ 'ಓ' ಎಂದು ಕೂಗಿದ್ದೀರಾ, ಮಕ್ಕಳೇ? ವಿಜಯಪುರದ ಗೋಲಗುಮ್ಮಟಕ್ಕೆ ಶಾಲೆಯಿಂದ ಪ್ರವಾಸ ಹೋದವರು ಒಂದು ಚಪ್ಪಾಳೆ ಮತ್ತೆ ಮತ್ತೆ ಮರಳಿ ಬರುವುದನ್ನು ಕೇಳಿರುತ್ತೀರಿ. ಗಾಳಿಯಲ್ಲಿ ಶಬ್ದ ಸೆಕೆಂಡಿಗೆ ಸುಮಾರು 340 ಮೀಟರ್ ಓಡುತ್ತದೆ. ದೂರದ ಗೋಡೆಗೆ ತಾಗಿ ಹಿಂದಿರುಗಲು ಅದಕ್ಕೆ ಸ್ವಲ್ಪ ಹೊತ್ತು ಬೇಕು. ಆ ತಡವೇ ನಮಗೆ ಮರುದನಿಯಾಗಿ ಕೇಳಿಸುತ್ತದೆ.

ಗಿಟಾರ್ ನುಡಿಸುವವರಿಗೆ ಈ ಮರುದನಿ ಬಲು ಇಷ್ಟ. ಆದರೆ ಗುಮ್ಮಟವನ್ನು ವೇದಿಕೆಗೆ ಹೊತ್ತೊಯ್ಯಲಾದೀತೆ? ಅದಕ್ಕೇ ಕಾಲಿನಿಂದ ಒತ್ತುವ ಪುಟ್ಟ ಪೆಟ್ಟಿಗೆಯೊಂದಿದೆ. ಹೆಸರು ಡಿಲೇ ಪೆಡಲ್. ಎಂಟನೇ ತರಗತಿಯ ನನ್ನ ಮೊಮ್ಮಗಳಿಗೆ ಅದು ಬೇಕಿತ್ತು. ಬೆಲೆ ಕೇಳಿ ಅವಳಪ್ಪ ಸುಮ್ಮನಾದ. ''ತಾತ, ನೀವು ಆಗ ರೇಡಿಯೊ ಜೋಡಿಸ್ತಿದ್ರಂತಲ್ಲ, ಇದನ್ನೂ ಮಾಡೋಕಾಗುತ್ತಾ?'' ಎಂದಳು. ನನಗೀಗ 71. ಸೋಲ್ಡರಿಂಗ್ ಐರನ್ ಮುಟ್ಟದೆ ಎಷ್ಟೋ ವರ್ಷಗಳಾಗಿದ್ದವು. ಆದರೂ 'ಹೂಂ' ಎಂದೆ.

ಕೈಯಿಂದ ಕೈಗೆ ಕೊಡ

ಟೇಪ್ ರೆಕಾರ್ಡರ್ ಕಂಡ ಅಜ್ಜ-ಅಜ್ಜಿಯರಿಗೆ ಇದು ಬೇಗ ತಿಳಿಯುತ್ತದೆ. ಒಂದು ಹೆಡ್ ಶಬ್ದವನ್ನು ಟೇಪಿನ ಮೇಲೆ ಅಚ್ಚು ಮಾಡುತ್ತದೆ, ಸ್ವಲ್ಪ ದೂರದ ಇನ್ನೊಂದು ಹೆಡ್ ಅದನ್ನು ನುಡಿಸುತ್ತದೆ. ನಡುವಿನ ದೂರವನ್ನು ಟೇಪ್ ಕ್ರಮಿಸುವ ಹೊತ್ತೇ ಮರುದನಿಯ ತಡ. ಜಪಾನಿನ ರೋಲ್ಯಾಂಡ್ ಕಂಪನಿ 1974ರಲ್ಲಿ ಹೊರತಂದ 'ಸ್ಪೇಸ್ ಎಕೋ' ಇಂಥದ್ದೇ ಯಂತ್ರ. ಅದು ಭಾರ, ಜೊತೆಗೆ ಟೇಪ್ ಸವೆಯುತ್ತದೆ.

ಟೇಪೇ ಬೇಡವೆನ್ನುವ ಉಪಾಯ ಅಷ್ಟರೊಳಗೇ ಹುಟ್ಟಿತ್ತು. 1969ರಲ್ಲಿ ನೆದರ್ಲೆಂಡ್ಸಿನ ಫಿಲಿಪ್ಸ್ ಸಂಶೋಧನಾಲಯದ ಸ್ಯಾಂಗ್‌ಸ್ಟರ್ ಮತ್ತು ಟೀರ್ ಎಂಬ ಇಬ್ಬರು ಅದನ್ನು ಪ್ರಕಟಿಸಿದರು. ಅದರ ಹೆಸರು 'ಬಕೆಟ್ ಬ್ರಿಗೇಡ್'. ಹುಲ್ಲಿನ ಬಣವೆಗೆ ಬೆಂಕಿ ಬಿದ್ದಾಗ ಊರವರು ಕೆರೆಯಿಂದ ಬಣವೆಯವರೆಗೆ ಸಾಲಾಗಿ ನಿಂತು ಕೊಡದ ನೀರನ್ನು ಕೈಯಿಂದ ಕೈಗೆ ದಾಟಿಸುತ್ತಾರಲ್ಲ, ಇದೂ ಹಾಗೆಯೇ. ಇಲ್ಲಿ ಕೊಡದ ಬದಲು ಐಸಿಯೊಳಗೆ ಕಣ್ಣಿಗೆ ಕಾಣದಷ್ಟು ಸಣ್ಣ ಕೆಪಾಸಿಟರುಗಳಿವೆ. ನೀರಿನ ಬದಲು ವಿದ್ಯುತ್ತು. ಗಿಟಾರಿನ ದನಿ ಏರಿಳಿದಂತೆ ಒಂದು ಕೊಡದಲ್ಲಿ ಹೆಚ್ಚು ನೀರು, ಮುಂದಿನದರಲ್ಲಿ ಕಡಿಮೆ. ದನಿಯನ್ನು ಅಂಕಿಗಳಾಗಿ ಬದಲಿಸದೆ ಅಳತೆಯನ್ನು ಹಾಗೆಯೇ ಸಾಗಿಸುವುದರಿಂದ ಇದು ಅನಲಾಗ್.

ಈಗ ಒಂದು ಲೆಕ್ಕ. ನಾವು ತಂದ ವಿ3205 ಎಂಬ ಐಸಿಯಲ್ಲಿ 4096 ಮೆಟ್ಟಿಲುಗಳಿವೆ. ಜೊತೆಗಿರುವ ವಿ3102 ಅದಕ್ಕೆ ತಾಳ ಹಾಕುತ್ತದೆ. ಒಂದು ತಾಳಕ್ಕೆ ಎರಡು ಮೆಟ್ಟಿಲು. ಅಂದರೆ ದಾಟಲು 2048 ತಾಳ ಬೇಕು. ಸೆಕೆಂಡಿಗೆ 10,000 ತಾಳ ಹಾಕಿದರೆ ಹಿಡಿಯುವ ಹೊತ್ತು 0.2048 ಸೆಕೆಂಡ್. ''ತಾತ, ಅಷ್ಟರಲ್ಲಿ ಶಬ್ದ ಸುಮಾರು 70 ಮೀಟರ್ ಓಡುತ್ತೆ. ಹೋಗಿ ಬರೋದು ಅಂದ್ರೆ 35 ಮೀಟರ್ ದೂರದ ಗೋಡೆ!'' ಎಂದು ಅವಳೇ ಲೆಕ್ಕ ಹಾಕಿದಳು.

ಕೈ ಬದಲಾದಾಗಲೆಲ್ಲ ಒಂದಿಷ್ಟು ನೀರು ಚೆಲ್ಲುತ್ತದಷ್ಟೆ? ಹಾಗೆಯೇ ಇಲ್ಲೂ ಪ್ರತಿ ಸುತ್ತಿಗೆ ದನಿಯ ಮೊನಚು ಕಡಿಮೆಯಾಗುತ್ತದೆ. ಎರಡನೆಯ ಮರುದನಿ ಮಂಕು, ಮೂರನೆಯದು ಕಂಬಳಿ ಹೊದ್ದಂತೆ. ಈ ಮಂಕುತನವನ್ನೇ ಗಿಟಾರ್ ವಾದಕರು ಮೆಚ್ಚುವುದು. ಈಗ ಮೀಟಿದ ಸ್ವರಕ್ಕೆ ಹಳೆಯ ಸ್ವರ ಅಡ್ಡ ಬರುವುದಿಲ್ಲ.

ಊಟದ ಮೇಜೇ ಕಾರ್ಖಾನೆ

ಬೆಂಗಳೂರಿನ ಎಸ್‌ಪಿ ರಸ್ತೆಗೆ ಹೋಗಿ ರೆಸಿಸ್ಟರ್, ಕೆಪಾಸಿಟರ್, ಐಸಿ ಸಾಕೆಟ್ ತಂದೆವು. ಎರಡು ಮುಖ್ಯ ಐಸಿಗಳನ್ನು ಅಂಚೆಯಲ್ಲಿ ತರಿಸಿದೆವು. ರೆಸಿಸ್ಟರಿನ ಬಣ್ಣದ ಪಟ್ಟಿ ಓದುವುದು ಅವಳ ಕೆಲಸ, ನನ್ನ ಕನ್ನಡಕಕ್ಕೆ ಕಂದೂ ಕೆಂಪೂ ಒಂದೇ. ಬೆಸುಗೆ ನನ್ನದು. ಐರನ್ ಹಿಡಿದ ಮೇಲೆ ಕೈ ನಡುಗಲಿಲ್ಲ.

ಎಲ್ಲವನ್ನೂ ಅವಳ ಹಳೆಯ ಸ್ಟೀಲ್ ಟಿಫಿನ್ ಡಬ್ಬಿಯೊಳಗೆ ಕೂರಿಸುವುದೆಂದು ಮಾತಾಯಿತು. ಲೋಹದ ಡಬ್ಬಿಯಾದರೆ ಹೊರಗಿನ ಗುಂಯ್‌ಗುಡುವಿಕೆಯನ್ನು ತಡೆಯುತ್ತದೆ. ಅವಳಜ್ಜಿ ಒಪ್ಪಲಿಲ್ಲ. ''ಅನ್ನ ಹಾಕಿದ ಡಬ್ಬೀನ ಕಾಲಲ್ಲಿ ತುಳೀತೀರಾ?'' ಮಾರನೆಯ ದಿನ ಅಲ್ಯುಮಿನಿಯಂ ಡಬ್ಬಿ ಬಂತು.

ನನಗೆ ಕೇಳದ ದನಿ

ನಾಲ್ಕನೆಯ ಭಾನುವಾರ ಸಂಜೆ ಅವಳು ತಂತಿ ಮೀಟಿದಳು. ಸ್ವರ ಬಂತು, ಹಿಂದೆಯೇ ಮರುದನಿಯೂ ಬಂತು. ನಾನು ಹಿಗ್ಗಿದೆ. ಅವಳು ಮಾತ್ರ ಮುಖ ಹಿಂಡಿ, ''ಏನೋ ಕೀಂ ಅಂತಿದೆ ತಾತ'' ಎಂದಳು.

ನನಗೆ ಏನೂ ಕೇಳಿಸಲಿಲ್ಲ. ಸ್ಪೀಕರಿಗೆ ಕಿವಿ ಹಚ್ಚಿದರೂ ಇಲ್ಲ. ಅವಳಜ್ಜಿಗೂ ಇಲ್ಲ. ಅವಳಪ್ಪನಿಗೆ ಹತ್ತಿರ ಬಂದಾಗ ಸಣ್ಣಗೆ ಕೇಳಿಸಿತು.

ಸೆಕೆಂಡಿಗೆ 10,000 ಸಲ ಬೀಳುವ ಆ ತಾಳವೇ ದನಿಯ ಜೊತೆ ಸೋರಿ ಬರುತ್ತಿತ್ತು. ಮಕ್ಕಳ ಕಿವಿ ಸೆಕೆಂಡಿಗೆ 20,000ದ ಹತ್ತಿರದ ಕಂಪನಗಳನ್ನೂ ಹಿಡಿಯಬಲ್ಲದು. ವಯಸ್ಸಾದಂತೆ ಮೊದಲು ಕೈಬಿಡುವುದು ಈ ಎತ್ತರದ ದನಿಗಳೇ. ಈಚೆಗೆ ಹಿತ್ತಲಿನಲ್ಲಿ ಜೀರುಂಡೆಗಳ ಸದ್ದೇ ಇಲ್ಲವಲ್ಲ ಎಂದು ಅವಳನ್ನು ಕೇಳಿದೆ. ''ದಿನಾ ಕೂಗ್ತಾವೆ ತಾತ'' ಎಂದಳು. ಸ್ವಲ್ಪ ಹೊತ್ತು ನನಗೆ ಮಾತು ಹೊರಡಲಿಲ್ಲ.

ಆಮೇಲಿನ ಕೆಲಸ ಅವಳ ಕಿವಿಯದು. ಐಸಿಗೆ ಎರಡು ಬಾಯಿಗಳಿವೆ. ಎರಡರಿಂದಲೂ ತಾಳ ಸೋರುತ್ತದೆ, ಆದರೆ ಒಂದರದು ಏರಿದಾಗ ಇನ್ನೊಂದರದು ಇಳಿಯುತ್ತದೆ. ಸರಿಯಾಗಿ ತೂಗಿ ಕೂಡಿಸಿದರೆ ಒಂದನ್ನೊಂದು ಅಳಿಸುತ್ತವೆ. ಅದಕ್ಕೊಂದು ಪ್ರಿಸೆಟ್ ಇದೆ. ನಾನು ಸ್ಕ್ರೂಡ್ರೈವರಿನಿಂದ ಕೂದಲೆಳೆಯಷ್ಟು ತಿರುಗಿಸುತ್ತ ಹೋದೆ. ಅವಳು ಕಣ್ಣು ಮುಚ್ಚಿ, ''ಇದೆ... ಕಡಿಮೆ ಆಯ್ತು... ಇನ್ನೂ... ಜಾಸ್ತಿ ಆಯ್ತು, ಹಿಂದೆ ಬನ್ನಿ... ನಿಲ್ಲಿ!'' ಎಂದಳು. ಉಳಿದ ಚೂರನ್ನು ಫಿಲ್ಟರಿನ ಕೆಪಾಸಿಟರ್ ಬದಲಿಸಿ ತೆಗೆದೆವು. ಕೆಪಾಸಿಟರ್ ದೊಡ್ಡದಾದರೆ ಗಿಟಾರಿನ ಮರುದನಿಯೇ ಸಾಯುತ್ತದೆ. ಎಲ್ಲಿ ನಿಲ್ಲಿಸಬೇಕೆಂದು ಅವಳೇ ಹೇಳಿದಳು.

ಮರುವಾರ ಕಿವಿ ಪರೀಕ್ಷೆ ಮಾಡಿಸಿಕೊಂಡೆ. ವಯಸ್ಸಿಗೆ ತಕ್ಕಷ್ಟೇ ಎಂದರು ಡಾಕ್ಟರು. ಇಯರ್‌ಫೋನಿನ ಸದ್ದನ್ನು ಈಗ ಮೊಮ್ಮಗಳು ತಾನಾಗಿಯೇ ತಗ್ಗಿಸಿಕೊಂಡಿದ್ದಾಳೆ. ಜೋರು ಸದ್ದಿಗೆ ಹಾಳಾದ ಒಳಗಿವಿಯ ಸೂಕ್ಷ್ಮ ಕೋಶಗಳು ಮತ್ತೆ ಹುಟ್ಟುವುದಿಲ್ಲ.

ನೀವೂ ಮಾಡುವುದಾದರೆ

9 ವೋಲ್ಟಿನ ಬ್ಯಾಟರಿಯಲ್ಲೇ ಮಾಡಿ, ಮನೆಯ ಕರೆಂಟಿನ ತಂಟೆ ಬೇಡ. ಐರನ್ನಿನ ತುದಿ ಸುಮಾರು 350 ಡಿಗ್ರಿ ಸೆಲ್ಸಿಯಸ್ ಕಾಯುತ್ತದೆ. ಹಿರಿಯರೊಬ್ಬರು ಪಕ್ಕದಲ್ಲಿರಲಿ, ಕಿಟಕಿ ತೆರೆದಿರಲಿ. ಬೆಸುಗೆಯ ತಂತಿಯಲ್ಲಿ ಸೀಸ ಇರುವುದರಿಂದ ಕೈ ತೊಳೆಯದೆ ಏನೂ ತಿನ್ನಬೇಡಿ. ಐಸಿಯನ್ನು ನೇರ ಬೆಸೆಯದೆ ಸಾಕೆಟ್ ಹಾಕಿ, ಮೊದಲು ಮಲ್ಟಿಮೀಟರಿನಲ್ಲಿ ವೋಲ್ಟೇಜ್ ನೋಡಿಕೊಂಡು ಆಮೇಲೆ ಕೂರಿಸಿ.

ಡಬ್ಬಿಯ ಮೇಲೆ ಮೂರು ತಿರುಗುಗುಂಡಿಗಳು ಬರುತ್ತವೆ. ಒಂದು ಎಷ್ಟು ತಡ ಎಂಬುದಕ್ಕೆ, ಇನ್ನೊಂದು ಎಷ್ಟು ಜೋರು ಎಂಬುದಕ್ಕೆ, ಮೂರನೆಯದು ಎಷ್ಟು ಸಲ ಎಂಬುದಕ್ಕೆ. ಈ ಮೂರನೆಯದನ್ನು ಪೂರ್ತಿ ತಿರುಗಿಸಿದರೆ ಮರುದನಿ ಕರಗುವ ಬದಲು ಬೆಳೆಯುತ್ತಲೇ ಹೋಗಿ ಊಳಿಡುತ್ತದೆ. ಬಲು ಮಜವಾಗಿರುತ್ತದೆ. ಅಜ್ಜಿ ಮಲಗಿರುವಾಗ ಮಾತ್ರ ಬೇಡ.