ಬ್ಯಾಟರಿ ಬದಲಿಸುವ ಮುನ್ನ

ಮಂಡ್ಯ ಜಿಲ್ಲೆಯ ಬಿಂಡಿಗನವಿಲೆ ಹೋಬಳಿಯಂಥ ಮಳೆ ನೆಚ್ಚಿದ ಸೀಮೆಯಲ್ಲಿ ಕೆರೆಯ ಹೂಳೆತ್ತಲು, ಕೃಷಿಹೊಂಡ ತೋಡಲು, ತೆಂಗಿನ ಗುಂಡಿ ತೆಗೆಯಲು ಈಗ ಜೆಸಿಬಿಯೋ ಹಿಟಾಚಿಯೋ ಬರಲೇಬೇಕು. ಬಾಡಿಗೆ ಗಂಟೆ ಲೆಕ್ಕದ್ದು. ಬೆಳಿಗ್ಗೆ ಕೀ ತಿರುಗಿಸಿದಾಗ ಯಂತ್ರ ‘ಟಕ್’ ಎಂದು ಸುಮ್ಮನಾದರೆ ಎಲ್ಲರ ಬಾಯಲ್ಲೂ ಬರುವ ಮೊದಲ ಮಾತು ‘ಬ್ಯಾಟರಿ ಹೋಗಿದೆ’. ಹೊಸ ಬ್ಯಾಟರಿ ಬರುತ್ತದೆ, ಕೆಲವು ದಿನ ಎಲ್ಲ ಸರಿಯಾಗಿರುತ್ತದೆ, ಮತ್ತೆ ಅದೇ ಟಕ್. ಆಮೇಲೆ ಸೆಲ್ಫ್ ಮೋಟಾರಿನ ಸರದಿ, ಅದಾದ ಮೇಲೆ ಡೈನಮೋದ್ದು. ಹೊಸ ಬ್ಯಾಟರಿಯಿಂದ ಕೆಲವು ದಿನವಾದರೂ ಗುಣ ಕಂಡದ್ದೇಕೆ ಎಂದು ಯೋಚಿಸಿದರೆ ದೋಷದ ಜಾಡು ಅಲ್ಲೇ ಸಿಗುತ್ತದೆ. ಬ್ಯಾಟರಿ ಕೂರಿಸುವಾಗ ಮೆಕ್ಯಾನಿಕ್ ಟರ್ಮಿನಲ್ ಉಜ್ಜುತ್ತಾನೆ, ಕ್ಲಾಂಪ್ ಬಿಗಿ ಮಾಡುತ್ತಾನೆ. ಎಷ್ಟೋ ಸಲ ಯಂತ್ರ ಓಡಿದ್ದು ಆ ಉಜ್ಜಿದ್ದರಿಂದ, ಹೊಸ ಬ್ಯಾಟರಿಯಿಂದಲ್ಲ. ಆದ್ದರಿಂದ ನನ್ನ ವಾದ ಇಷ್ಟು: ದೋಷವನ್ನು ಬಿಡಿಭಾಗದಲ್ಲಿ ಹುಡುಕುವ ಮೊದಲು ಕರೆಂಟು ಹರಿಯುವ ದಾರಿಯಲ್ಲಿ ಹುಡುಕಬೇಕು, ಅದನ್ನೂ ಲೋಡ್ ಬಿದ್ದಿರುವಾಗಲೇ ಅಳೆಯಬೇಕು.

ಲೆಕ್ಕ ಸರಳವಾಗಿದೆ. ಜೆಸಿಬಿಗಳಲ್ಲಿ ಸಾಮಾನ್ಯವಾಗಿ ಇರುವುದು 12 ವೋಲ್ಟ್. ದೊಡ್ಡ ಹಿಟಾಚಿಗಳಲ್ಲಿ ಎರಡು ಬ್ಯಾಟರಿಗಳನ್ನು ಸಾಲಾಗಿ ಜೋಡಿಸಿದ 24 ವೋಲ್ಟ್. ಡೀಸೆಲ್ ಎಂಜಿನ್ ತಿರುಗಿಸುವ ಕ್ಷಣದಲ್ಲಿ ಸೆಲ್ಫ್ ಮೋಟಾರ್ ನೂರಾರು ಆಂಪಿಯರ್ ಎಳೆಯುತ್ತದೆ. 400 ಆಂಪಿಯರ್ ಎಂದೇ ಇಟ್ಟುಕೊಳ್ಳೋಣ. ದಾರಿಯ ಯಾವುದೋ ಒಂದು ಕಿಲುಬು ಹಿಡಿದ ಜೋಡಣೆಯಲ್ಲಿ 0.005 ಓಮ್ ತಡೆ ಇದ್ದರೆ ಸಾಕು, 2 ವೋಲ್ಟ್ ಅಲ್ಲೇ ಕಳೆದುಹೋಗುತ್ತದೆ. 800 ವ್ಯಾಟ್‌ನಷ್ಟು ಶಕ್ತಿ ಆ ಒಂದು ಜೋಡಣೆಯಲ್ಲಿ ಬರಿಯ ಬಿಸಿಯಾಗುತ್ತದೆ. ಅದೇ ದಾರಿಯಲ್ಲಿ 5 ಆಂಪಿಯರಿನ ದೀಪ ಉರಿಸಿದರೆ ನಷ್ಟ 0.025 ವೋಲ್ಟ್ ಮಾತ್ರ. ಲೈಟು ಝಗ್ಗೆಂದು ಉರಿಯುತ್ತದೆ, ಹಾರ್ನ್ ಕೂಗುತ್ತದೆ, ಯಂತ್ರ ಮಾತ್ರ ಏಳುವುದಿಲ್ಲ. ಇದೇ ಮಂಡ್ಯ ಜಿಲ್ಲೆಯ ಶಿವನಸಮುದ್ರದಿಂದ 1902ರಲ್ಲಿ ಕೋಲಾರದ ಚಿನ್ನದ ಗಣಿಗಳಿಗೆ ಸುಮಾರು 147 ಕಿ.ಮೀ. ದೂರ ವಿದ್ಯುತ್ ಒಯ್ದವರು ಅದನ್ನು ಹತ್ತಾರು ಸಾವಿರ ವೋಲ್ಟಿಗೆ ಏರಿಸಿದ್ದು ಈ ನಷ್ಟಕ್ಕೆ ಅಂಜಿಯೇ. ವೋಲ್ಟೇಜ್ ಹೆಚ್ಚಿದಷ್ಟೂ ಅಷ್ಟೇ ಶಕ್ತಿಗೆ ಕಡಿಮೆ ಕರೆಂಟು ಸಾಕು, ತಂತಿಯಲ್ಲಿ ಸೋರುವುದೂ ಕಡಿಮೆ. ಯಂತ್ರದೊಳಗೆ ಸ್ಥಿತಿ ತಿರುಗುಮುರುಗು: ವೋಲ್ಟೇಜ್ ಅಲ್ಪ, ಕರೆಂಟು ಅಪಾರ. ಹಾಗಾಗಿ ಎರಡು ಮೀಟರ್ ಕೇಬಲಿನಲ್ಲೇ ಆ ನಷ್ಟವೆಲ್ಲ ಆಗಿಬಿಡಬಹುದು.

ಈ ತಡೆ ಹುಟ್ಟುವ ಜಾಗಗಳು ಗೊತ್ತಿರುವಂಥವೇ. ನೆಗೆಟಿವ್ ಕೇಬಲ್ ಚಾಸಿಗೆ ಸೇರುವ ಬೋಲ್ಟಿನಡಿಯ ತುಕ್ಕು, ಪೇಂಟಿನ ಮೇಲೆಯೇ ಬಿಗಿದ ಅರ್ಥ್ ಪಟ್ಟಿ, ಲಗ್ಗಿನ ಒಳಗೆ ಹಸಿರುಗಟ್ಟಿದ ತಾಮ್ರ, ಸವೆದ ಕಟಾಫ್ ಸ್ವಿಚ್. ಕಲ್ಲು ಕ್ವಾರಿಯ ದೂಳು, ಕೆರೆಯಂಗಳದ ಕೆಸರು, ದಿನವಿಡೀ ಅದುರಾಟ, ಸಂಜೆ ಪ್ರೆಷರ್ ಪಂಪಿನಿಂದ ಬಿಡುವ ನೀರು ಇವೆಲ್ಲ ಸೇರಿ ಆ ತಡೆಯನ್ನು ಬೆಳೆಸುತ್ತವೆ. ಯಂತ್ರ ನಿಂತಿರುವಾಗ ಮಲ್ಟಿಮೀಟರನ್ನು ಓಮ್‌ಗೆ ಇಟ್ಟು ನೋಡಿದರೆ ಇದು ಕಾಣದು, ಏಕೆಂದರೆ ಸಾಮಾನ್ಯ ಮೀಟರು ತೋರಿಸುವ ಅತಿ ಸಣ್ಣ ಅಳತೆಯೇ 0.1 ಓಮ್. ನಾಲ್ಕೇ ಎಳೆ ಉಳಿದಿರುವ ಕೇಬಲ್ ಕೂಡ ಆ ಪರೀಕ್ಷೆಯಲ್ಲಿ ಪಾಸು. ವಾಲ್ವ್ ಮುಚ್ಚಿದ ಪೈಪಿನಲ್ಲಿ, ಒಳಗೆ ಎಷ್ಟೇ ಕಸ ಕಟ್ಟಿದ್ದರೂ, ನೀರಿನ ಒತ್ತಡ ಪೂರ್ತಿ ಕಾಣುವ ಹಾಗೆ ಇದು. ಗೇರ್ ನ್ಯೂಟ್ರಲ್‌ನಲ್ಲಿಟ್ಟು, ಎಂಜಿನ್ ಹತ್ತದಂತೆ ಡೀಸೆಲ್ ತಡೆದು, ಹತ್ತು ಸೆಕೆಂಡು ಮೀರದಂತೆ ಸೆಲ್ಫ್ ಹೊಡೆಸುತ್ತಲೇ ವೋಲ್ಟೇಜ್ ನೋಡಬೇಕು. ತುಂಬಿದ 12 ವೋಲ್ಟ್ ಬ್ಯಾಟರಿ ಸುಮ್ಮನಿರುವಾಗ 12.6ರ ಸುತ್ತ ತೋರುತ್ತದೆ. ಸೆಲ್ಫ್ ಹೊಡೆಯುವಾಗ ಬ್ಯಾಟರಿಯ ಮೇಲೇ ಅದು 9.6ಕ್ಕಿಂತ ಕೆಳಗಿಳಿದರೆ ಬ್ಯಾಟರಿಯನ್ನೋ, ಬಿಗಿಯಾಗಿ ಹಿಡಿದುಕೊಂಡ ಮೋಟಾರನ್ನೋ ಶಂಕಿಸಬಹುದು. ಬ್ಯಾಟರಿಯಲ್ಲಿ 10.5 ನಿಂತು ಮೋಟಾರಿಗೆ 8 ಮಾತ್ರ ತಲುಪುತ್ತಿದ್ದರೆ ಕಳ್ಳ ಇರುವುದು ದಾರಿಯಲ್ಲಿ. ಆಗ ಮೀಟರಿನ ಒಂದು ಕಡ್ಡಿಯನ್ನು ಬ್ಯಾಟರಿಯ ಪಾಸಿಟಿವ್ ಕಂಬಕ್ಕೆ, ಇನ್ನೊಂದನ್ನು ಮೋಟಾರಿನ ಟರ್ಮಿನಲ್ಲಿಗೆ ಹಿಡಿಯಬೇಕು. ಆಮೇಲೆ ಎಂಜಿನ್ ಬ್ಲಾಕಿಗೂ ನೆಗೆಟಿವ್ ಕಂಬಕ್ಕೂ. ಯಾವ ಬದಿಯಲ್ಲಾದರೂ ಅರ್ಧ ವೋಲ್ಟ್ ಮೀರಿದರೆ ಆ ಬದಿ ಕೆಟ್ಟಿದೆ ಎಂದರ್ಥ. 24 ವೋಲ್ಟಿನ ಯಂತ್ರಕ್ಕೆ ಸುಮಾರು ಅದರ ಎರಡರಷ್ಟು ಸಲ್ಲುತ್ತದೆ. ಅಲ್ಲಿಂದ ಒಂದೊಂದೇ ಜೋಡಣೆ: ಕಂಬದಿಂದ ಕ್ಲಾಂಪಿಗೆ, ಕ್ಲಾಂಪಿನಿಂದ ಲಗ್ಗಿಗೆ, ಸ್ವಿಚ್ಚಿನ ಈ ಕಡೆಯಿಂದ ಆ ಕಡೆಗೆ. ಅಂಕಿ ಎಲ್ಲಿ ಜಿಗಿಯಿತೋ ದೋಷ ಅಲ್ಲಿದೆ.

‘ಈಗಿನ ಯಂತ್ರದಲ್ಲಿ ಕಂಪ್ಯೂಟರೇ ಇದೆ, ಕೋಡ್ ಬರುತ್ತದೆ, ಇಷ್ಟೆಲ್ಲ ಯಾಕೆ?’ ಎನ್ನುವವರಿದ್ದಾರೆ. 2021ರ ಏಪ್ರಿಲ್‌ನಿಂದ ಚಕ್ರದ ಮೇಲೆ ಓಡುವ ನಿರ್ಮಾಣ ಯಂತ್ರಗಳಿಗೆ ಹೊಗೆಯ ಹೊಸ ಮಿತಿ ಬಂದ ಮೇಲೆ ಎಲೆಕ್ಟ್ರಾನಿಕ್ ಹತೋಟಿಯ ಎಂಜಿನ್‌ಗಳು ಹೆಚ್ಚಿರುವುದು ನಿಜ. ಆದರೆ ಕೋಡ್ ಹೇಳುವುದು ಕಂಪ್ಯೂಟರಿಗೆ ಏನು ಕಂಡಿತು ಎಂಬುದನ್ನು. ಹಾಗೆ ಕಾಣಲು ಕಾರಣವನ್ನಲ್ಲ. ಹಲವು ಸೆನ್ಸರುಗಳು 5 ವೋಲ್ಟಿನ ಒಂದೇ ಸರಬರಾಜನ್ನು ಹಂಚಿಕೊಂಡಿರುತ್ತವೆ. ಅವುಗಳಲ್ಲಿ ಒಂದರ ತಂತಿ ಸವೆದು ಚಾಸಿಗೆ ತಾಗಿದರೆ ಆ 5 ವೋಲ್ಟ್ ಕುಸಿದು, ಆಯಿಲ್ ಪ್ರೆಷರ್, ಡೀಸೆಲ್ ಪ್ರೆಷರ್ ಎಂದು ನಾಲ್ಕಾರು ಕೋಡುಗಳು ಒಟ್ಟಿಗೇ ಬರುತ್ತವೆ. ಕೋಡ್ ನಂಬಿ ಎಲ್ಲ ಸೆನ್ಸರ್ ಬದಲಿಸಿದರೂ ಫಲವಿಲ್ಲ. ಒಂದೊಂದೇ ಪ್ಲಗ್ ಕಳಚುತ್ತ ಹೋಗಬೇಕು: ತಪ್ಪಿತಸ್ಥ ಒಂದು ಸೆನ್ಸರೇ ಆಗಿದ್ದರೆ ಅದನ್ನು ಬಿಡಿಸಿದ ಕೂಡಲೇ 5 ವೋಲ್ಟ್ ವಾಪಸು ಬರುತ್ತದೆ, ಎಲ್ಲ ಕಳಚಿದರೂ ಬಾರದಿದ್ದರೆ ದೋಷ ತಂತಿಯಲ್ಲಿದೆ. ದಾರಿಯ ತಡೆಯಿಂದ ವೋಲ್ಟೇಜ್ ತೀರ ಇಳಿದಾಗ ಕಂಪ್ಯೂಟರೇ ಅರೆಕ್ಷಣ ಆಫ್ ಆಗಿ ಸಂಬಂಧವಿಲ್ಲದ ಕೋಡ್ ಬರೆದಿಡುವುದೂ ಉಂಟು. ಕೋಡ್ ಬೆಲೆಯುಳ್ಳ ಸಾಕ್ಷಿ ಹೌದು, ಸರಬರಾಜು ಸರಿಯಿದೆ ಎಂದು ತಿಳಿದ ಮೇಲೆ.

‘ಪಳಗಿದ ಕೈಗೆ ಮೀಟರು ಬೇಡ’ ಎಂಬ ಮಾತಿನಲ್ಲಿ ಸತ್ಯವಿದೆ. ಸೆಲ್ಫ್ ಹೊಡೆಸಿದ ಮೇಲೆ ಕ್ಲಾಂಪ್ ಮುಟ್ಟಿ ‘ಇಲ್ಲಿ ಬಿಸಿಯಾಗಿದೆ’ ಎನ್ನುವ ಮೆಕ್ಯಾನಿಕ್ ಮೇಲೆ ಹೇಳಿದ ಆ ಶಾಖವನ್ನೇ ಬೆರಳಿನಿಂದ ಅಳೆಯುತ್ತಿದ್ದಾನೆ. ನಾನು ಒಪ್ಪದಿರುವುದು ಯಾವುದನ್ನೂ ಅಳೆಯದೆ ಬದಲಿಸುವುದನ್ನು, ಅದಕ್ಕಿಂತ ಹೆಚ್ಚಾಗಿ, ಸುಟ್ಟ ಫ್ಯೂಸಿನ ಜಾಗಕ್ಕೆ ತಂತಿ ಸುತ್ತುವುದನ್ನು. ಅದು ಯಂತ್ರಕ್ಕೆ ಬೆಂಕಿ ಹಚ್ಚಬಲ್ಲ ಕೆಲಸ. ಹೊತ್ತಿನ ಮಾತಾದರೆ, ಈ ಪರೀಕ್ಷೆ ಕೆಲವು ನಿಮಿಷದ್ದು. ಬ್ಯಾಟರಿಗಾಗಿ ಮಂಡ್ಯಕ್ಕೋ ಮೈಸೂರಿಗೋ ಹೋಗಿ ಬರುವಷ್ಟರಲ್ಲಿ ಅರ್ಧ ದಿನದ ಬಾಡಿಗೆ ಹೋಗಿರುತ್ತದೆ.

ಬ್ಯಾಟರಿ ನಿಜವಾಗಿಯೂ ಸಾಯುವುದಿಲ್ಲವೇ ಎಂದರೆ, ಸಾಯುತ್ತದೆ. ಆಗಲೂ ಕಾರಣ ಕೇಳಬೇಕು. 24 ವೋಲ್ಟಿನ ಹಿಟಾಚಿಗಳಲ್ಲಿ ಟೇಪ್‌ರೆಕಾರ್ಡರಿಗೋ ಮೊಬೈಲ್ ಚಾರ್ಜರಿಗೋ ಒಂದೇ ಬ್ಯಾಟರಿಯಿಂದ 12 ವೋಲ್ಟ್ ಎಳೆದಿದ್ದರೆ ಆ ಬ್ಯಾಟರಿ ಎಂದೂ ತುಂಬುವುದಿಲ್ಲ, ಪಕ್ಕದ್ದು ಅತಿಯಾಗಿ ಚಾರ್ಜ್ ಆಗಿ ನೀರು ಆರುತ್ತದೆ. ಎಂಜಿನ್ ಓಡುತ್ತಿರುವಾಗ ಎರಡರ ಮೇಲೆ ಒಟ್ಟಿಗೆ ಅಳೆದರೆ 28 ವೋಲ್ಟ್ ಸರಿಯಾಗಿಯೇ ಕಾಣುತ್ತದೆ. ಬೇರೆ ಬೇರೆ ಅಳೆದಾಗಲೇ ಏರುಪೇರು ತಿಳಿಯುವುದು. ಆ ತಂತಿ ತೆಗೆದು, 24ರಿಂದ 12ಕ್ಕೆ ಇಳಿಸುವ ಕನ್ವರ್ಟರ್ ಹಾಕದೆ ಹೊಸ ಜೋಡಿ ಕೂರಿಸಿದರೆ ಅದರ ಗತಿಯೂ ಅದೇ. ಆಯಿಲ್ ಬದಲಿಸಿದ ಗಂಟೆಯನ್ನು ಮಾಲೀಕರು ಪುಸ್ತಕದಲ್ಲಿ ಬರೆದಿಡುತ್ತಾರಲ್ಲ, ಅದರ ಪಕ್ಕದಲ್ಲೇ ಸೆಲ್ಫ್ ಹೊಡೆಯುವಾಗ ಕಂಡ ಪಾಸಿಟಿವ್, ನೆಗೆಟಿವ್ ನಷ್ಟವನ್ನೂ ಬರೆಸಿ. ಹೋದ ಸಲ 0.2 ಇದ್ದದ್ದು ಈ ಸಲ 0.4 ಆಗಿದ್ದರೆ, ಯಂತ್ರ ಕೆರೆಯಂಗಳಕ್ಕೆ ಇಳಿಯುವ ಮುನ್ನ ಆ ಬದಿಯ ಬೋಲ್ಟು ಬಿಚ್ಚಿ ಉಜ್ಜಬೇಕು.