ತೋಟದ ಹಕ್ಕಿಗೆ ಎಷ್ಟು ಉದ್ದದ ಲೆನ್ಸ್ ಬೇಕು?

ಕಾಯಿಕೊರಕ, ಕೊಳೆರೋಗ, ಗೊಬ್ಬರಗಳ ಬಗ್ಗೆ ಈ ಪತ್ರಿಕೆಯಲ್ಲಿ ಮೇಲಿಂದ ಮೇಲೆ ಬರೆಯುತ್ತಲೇ ಇರುತ್ತೇವೆ. ಈ ಸಲದ ವಿಷಯ ಸ್ವಲ್ಪ ಬೇರೆ. ಸದಸ್ಯರ ಮನೆಗಳಲ್ಲಿ ಈಗ ಕ್ಯಾಮರಾ ಹಿಡಿದ ಮಕ್ಕಳಿದ್ದಾರೆ. ಹಿರಿಯರಲ್ಲೂ ಆ ಹವ್ಯಾಸ ಹತ್ತಿಸಿಕೊಂಡವರಿದ್ದಾರೆ. ಎಲ್ಲರದೂ ಒಂದೇ ಪ್ರಶ್ನೆ: ಯಾವ ಟೆಲಿಫೋಟೋ ಲೆನ್ಸ್ ಕೊಳ್ಳಬೇಕು? ಒಳ್ಳೆಯ ಲೆನ್ಸಿಗೆ ಲಕ್ಷದ ಲೆಕ್ಕದಲ್ಲಿ ಹಣ ಬೇಕು. ಸಣ್ಣ ಹಿಡುವಳಿದಾರನಿಗೆ ಅದು ಹುಡುಗಾಟದ ಮೊತ್ತವಲ್ಲ. ಆದ್ದರಿಂದ ವಿಚಾರ ಮಾಡಿ ಮುಂದುವರಿಯುವುದು ಲೇಸು.

ಬೆಳೆಗಾರರಿಗೆ ಹಕ್ಕಿ ಛಾಯಾಗ್ರಹಣ ಹೊಸತೇನಲ್ಲ. ಮೂಡಿಗೆರೆಯಲ್ಲಿ ಕಾಫಿ ಬೆಳೆಯುತ್ತಿದ್ದ ಪೂರ್ಣಚಂದ್ರ ತೇಜಸ್ವಿಯವರು (1938–2007) ಲೇಖನಿಯ ಜೊತೆಗೆ ಕ್ಯಾಮರಾವನ್ನೂ ಹಿಡಿದು ಹಕ್ಕಿಗಳ ಬೆನ್ನು ಹತ್ತಿದವರು.

ಉದ್ದವೋ, ಹತ್ತಿರವೋ?

ಲೆನ್ಸಿನ ಮೇಲೆ ಬರೆದಿರುವ 300, 400, 600 ಮಿ.ಮೀ. ಎಂಬುದು ಅದರ ಸಂಗಮದೂರ. ಅದು ಹೆಚ್ಚಿದಷ್ಟೂ ಹಕ್ಕಿ ದೊಡ್ಡದಾಗಿ ಮೂಡುತ್ತದೆ. ಆದರೆ ಲೆಕ್ಕ ಹಾಕಿ ನೋಡಿ. 15 ಮೀಟರ್ ದೂರದ ಹಕ್ಕಿ 600 ಮಿ.ಮೀ. ಲೆನ್ಸಿನಲ್ಲಿ ಎಷ್ಟು ದೊಡ್ಡದಾಗಿ ಮೂಡುವುದೋ, 10 ಮೀಟರ್ ದೂರದ ಹಕ್ಕಿ 400 ಮಿ.ಮೀ. ಲೆನ್ಸಿನಲ್ಲೂ ಅಷ್ಟೇ ದೊಡ್ಡದಾಗಿ ಮೂಡುತ್ತದೆ. ಪೇಟೆಯಿಂದ ಒಂದು ದಿನಕ್ಕೆ ಬರುವವನಿಗೆ ಆ ಐದು ಮೀಟರ್ ಹತ್ತಿರವಾಗುವುದು ಕಷ್ಟ. ನಮಗೆ ಹಾಗಲ್ಲ. ಯಾವ ಅತ್ತಿಮರ ಹಣ್ಣಾಗಿದೆ, ಭೀಮರಾಜ ಯಾವ ಕೊಂಬೆಗೆ ಬಂದು ಕೂರುತ್ತದೆ ಎಂಬುದು ನಮಗೆ ಗೊತ್ತು. ಅಲ್ಲಿ ಮೊದಲೇ ಹೋಗಿ ಅಲುಗಾಡದೆ ಕುಳಿತರೆ ಸಾಕು.

ಎ.ಪಿ.ಎಸ್.-ಸಿ ಎಂಬ ಚಿಕ್ಕ ಸೆನ್ಸರಿನ ಕ್ಯಾಮರಾ ಇದ್ದವರಿಗೆ ಇನ್ನೊಂದು ಅನುಕೂಲ. ಅದರಲ್ಲಿ 400 ಮಿ.ಮೀ. ಲೆನ್ಸು ಪೂರ್ಣ ಸೆನ್ಸರಿನ ಕ್ಯಾಮರಾದ ಸುಮಾರು 600 ಮಿ.ಮೀ. ಲೆನ್ಸಿನಷ್ಟೇ ನೋಟ ಕೊಡುತ್ತದೆ.

ನೆರಳಿನ ಸಮಸ್ಯೆ

ನಮ್ಮ ನಿಜವಾದ ಕೊರತೆ ಬೆಳಕು. ಕಾಫಿಯ ನೆರಳುಮರಗಳ ಕೆಳಗೆ, ಅಡಿಕೆ ತೋಟದೊಳಗೆ ಮುಂಜಾನೆ ಎಷ್ಟು ಮಬ್ಬೆಂದು ಹೇಳಬೇಕಾಗಿಲ್ಲ. ಲೆನ್ಸಿನ ಬಾಯಿ ಎಷ್ಟು ಅಗಲ ತೆರೆಯುತ್ತದೆ ಎಂಬುದನ್ನು ಎಫ್ ಸಂಖ್ಯೆ ತಿಳಿಸುತ್ತದೆ. ಸಂಖ್ಯೆ ಚಿಕ್ಕದಿದ್ದಷ್ಟೂ ಬೆಳಕು ಹೆಚ್ಚು. ಎಫ್ 8ಕ್ಕಿಂತ ಎಫ್ 5.6 ಎರಡರಷ್ಟು ಬೆಳಕು ಒಳಬಿಡುತ್ತದೆ; ಎಫ್ 11ಕ್ಕಿಂತ ನಾಲ್ಕರಷ್ಟು. ಎಫ್ 5.6ರಲ್ಲಿ ಸೆಕೆಂಡಿನ 500ನೇ ಒಂದು ಭಾಗದಲ್ಲಿ ಸಿಗುವ ಚಿತ್ರಕ್ಕೆ ಎಫ್ 11ರಲ್ಲಿ 125ನೇ ಒಂದು ಭಾಗ ಬೇಕು. ಅಷ್ಟರೊಳಗೆ ಹಕ್ಕಿ ಕತ್ತು ತಿರುಗಿಸಿರುತ್ತದೆ. ಕೈನಡುಕ ತಡೆಯುವ ವ್ಯವಸ್ಥೆ ನಮ್ಮ ಕೈಯನ್ನು ಸರಿಪಡಿಸಬಹುದೇ ಹೊರತು ಹಕ್ಕಿಯ ಚಲನೆಯನ್ನಲ್ಲ. ಲೆನ್ಸಿನ ಹಿಂದೆ ಸೇರಿಸುವ 2 ಪಟ್ಟಿನ ಕನ್ವರ್ಟರ್ ಕೂಡ ಬೆಳಕನ್ನು ಕಾಲುಭಾಗಕ್ಕೆ ಇಳಿಸುತ್ತದೆ.

ಆದ್ದರಿಂದ ತೋಟದೊಳಗಿನ ಕೆಲಸಕ್ಕೆ 400 ಮಿ.ಮೀ.ವರೆಗಿನ, ತುದಿಯಲ್ಲೂ ಎಫ್ 5.6 ಇರುವ ಲೆನ್ಸು ಒಳ್ಳೆಯ ಆಯ್ಕೆ. ಕೆರೆ, ಗದ್ದೆಬಯಲುಗಳಲ್ಲಿ ತೆಗೆಯುವವರಿಗೆ 600 ಮಿ.ಮೀ. ಜೂಮ್ ಸರಿ. ಆದರೆ ಇಂಥವು ಹಲವು 2 ಕಿಲೋ ಆಸುಪಾಸು ತೂಗುತ್ತವೆ. ಅದನ್ನು ಹೊತ್ತು ತೋಟದ ಏರು ಹತ್ತಬೇಕೆಂಬುದು ನೆನಪಿರಲಿ.

ಬೂಷ್ಟು ಮತ್ತು ಗೂಡು

ಮಳೆಗಾಲದ ಥಂಡಿಗೆ ಲೆನ್ಸಿನೊಳಗೆ ಬೂಷ್ಟು ಹಿಡಿಯುತ್ತದೆ. ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಜೊತೆ ಇಡಿ. ಚರ್ಮದ ಚೀಲದಲ್ಲಿ ಬೇಡ. ಹಳೆಯ ಲೆನ್ಸು ಕೊಳ್ಳುವವರು ಟಾರ್ಚ್ ಬಿಟ್ಟು ನೋಡಿ. ಒಳಗೆ ಜೇಡರ ಬಲೆಯಂಥ ಎಳೆ ಕಂಡರೆ ಬಿಟ್ಟುಬಿಡಿ.

ಹತ್ತಿರ ಹೋಗಿ ಎಂದ ಮಾತು ಗೂಡಿಗೆ ಅನ್ವಯಿಸುವುದಿಲ್ಲ. ಮಂಗಟ್ಟೆಯ ಹೆಣ್ಣು ಪೊಟರೆಯೊಳಗೆ ಸೇರಿ ಬಾಯಿ ಮುಚ್ಚಿಕೊಂಡು ಮೊಟ್ಟೆಯಿಟ್ಟರೆ, ಗಂಡು ಸಣ್ಣ ಸೀಳಿನಿಂದ ಆಹಾರ ಕೊಡಬೇಕು. ನಮ್ಮನ್ನು ಕಂಡು ಗಂಡು ಬಾರದಿದ್ದರೆ ಒಳಗಿರುವವು ಉಪವಾಸ. ಅಂಥ ಕಡೆ ಲೆನ್ಸು ಚಿಕ್ಕದಾಯಿತೆಂದು ಮುಂದೆ ಹೋಗದೆ, ಚಿತ್ರವನ್ನೇ ಬಿಟ್ಟುಕೊಡಬೇಕು.

ಕೊನೆಯದಾಗಿ, ದೊಡ್ಡ ಊರುಗಳಲ್ಲಿ ಲೆನ್ಸು ಬಾಡಿಗೆಗೆ ದೊರೆಯುತ್ತದೆ. ಎರಡು ದಿನಕ್ಕೆ ತಂದು, ಅಂಗಡಿಯ ದೀಪದಡಿಯಲ್ಲಲ್ಲ, ನಿಮ್ಮದೇ ತೋಟದ ನೆರಳಿನಲ್ಲಿ ಬೆಳಗ್ಗೆ ಏಳು ಗಂಟೆಗೆ ಪರೀಕ್ಷಿಸಿ. ಆಮೇಲೆ ಹಣ ಎಣಿಸಿ.