ಪುಸ್ತಕ ಬಾಯಿ ಬಿಟ್ಟರೆ ‘ಪೌಂಡ್’ ಅನ್ನುತ್ತೆ!

ನಾಳೆ ಬೆಳಗ್ಗೆ ವಿಜ್ಞಾನದ ಟೆಸ್ಟ್. ರಾತ್ರಿ 8 ಗಂಟೆಗೆ ಮೇಷ್ಟ್ರು ವಾಟ್ಸಾಪ್ ಗ್ರೂಪಿಗೆ ನೋಟ್ಸ್ ಹಾಕಿದ್ದಾರೆ, ಪಿಡಿಎಫ್. ಕ್ಲಾಸಿನ 39 ಮಕ್ಕಳು ತೆರೆದು ಓದುತ್ತಾರೆ. 40ನೆಯವಳಿಗೆ ಕಣ್ಣು ಕಾಣುವುದಿಲ್ಲ. ಅವಳ ಹತ್ತಿರ ಮೊಬೈಲ್ ಇದೆ, ಪರದೆಯ ಮೇಲಿದ್ದದ್ದನ್ನು ಗಟ್ಟಿಯಾಗಿ ಓದಿ ಹೇಳುವ ಸ್ಕ್ರೀನ್ ರೀಡರ್ ಕೂಡ ಇದೆ. ಅವಳೂ ತೆರೆಯುತ್ತಾಳೆ. ಫೋನು ಏನು ಓದುತ್ತೆ ಗೊತ್ತಾ? ‘ಪಿ... ಪೌಂಡ್... ಕ್ಯೂ...’

ಈ ಹುಡುಗಿ ನನ್ನ ಕಲ್ಪನೆ. ಆದರೆ ಆ ಪೌಂಡ್ ಕಲ್ಪನೆಯಲ್ಲ. ಅದು ಎಲ್ಲಿಂದ ಬಂತು ಅಂತ ಹೇಳ್ತೀನಿ, ಕೇಳಿ.

ಕಂಪ್ಯೂಟರಿಗೆ ಅಕ್ಷರ ಗೊತ್ತಿಲ್ಲ, ಸಂಖ್ಯೆ ಮಾತ್ರ ಗೊತ್ತು. ಯುನಿಕೋಡ್ ಎಂಬ ಜಾಗತಿಕ ಪದ್ಧತಿಯಲ್ಲಿ ನಮ್ಮ ‘ಕ’ ಅಕ್ಷರದ ಸಂಖ್ಯೆ 3221. ಸ್ಕ್ರೀನ್ ರೀಡರ್ ಕಡತದಲ್ಲಿ 3221 ಕಂಡರೆ ‘ಕ’ ಅನ್ನುತ್ತೆ. ಅದಕ್ಕೆ ಅಕ್ಷರದ ಆಕಾರ ಕಾಣುವುದೇ ಇಲ್ಲ. ಆದರೆ ಯುನಿಕೋಡ್ ಬಳಕೆಗೆ ಬರುವ ಮುಂಚೆ ನಾವು ಕನ್ನಡ ಟೈಪ್ ಮಾಡುತ್ತಿದ್ದದ್ದು ಬೇರೆ ಉಪಾಯದಲ್ಲಿ. ಇಂಗ್ಲಿಷಿನ ‘ಪಿ’ ಅಕ್ಷರದ ಸಂಖ್ಯೆ 80. ಆ 80ರ ಜಾಗದಲ್ಲಿ ‘ಕ’ದ ಅರ್ಧ ಚಿತ್ರ ಬರೆದಿಡುವುದು, ತಲೆಕಟ್ಟಿಗೆ ಇನ್ನೊಂದು ಚಿಹ್ನೆ. ‘ನ’ ಬೇಕಾದಾಗ ಬ್ರಿಟಿಷರ ಪೌಂಡ್ ಚಿಹ್ನೆಯನ್ನು ಎರವಲು ತರುವುದು! ನುಡಿ, ಬರಹಗಳ ಹಳೆಯ ಫಾಂಟುಗಳು ನಡೆದದ್ದು ಹೀಗೆ. ಆ ಕಾಲಕ್ಕೆ ಅದು ದೊಡ್ಡ ಉಪಕಾರವೇ, ಅವರನ್ನು ಬೈಯುವ ಹಾಗಿಲ್ಲ. ಕಣ್ಣಿದ್ದವರಿಗೆ ಅಚ್ಚ ಕನ್ನಡವೇ ಕಾಣುತ್ತೆ. ಕಿವಿಯಲ್ಲಿ ಓದುವವರಿಗೆ ಮಾತ್ರ ‘ಕನ್ನಡ’ ಎಂಬ ಪದವೇ ಪಿ, ಪೌಂಡ್, ಕ್ಯೂ.

ಆ ಫಾಂಟಿನ ನೋಟ್ಸು, ಪ್ರಶ್ನೆಪತ್ರಿಕೆ, ಸುತ್ತೋಲೆ ಇವತ್ತಿಗೂ ಓಡಾಡುತ್ತಿವೆ. ಡಿಟಿಪಿ ಅಂಗಡಿಯವನಿಗೆ ಅದೇ ಕೈಗೆ ಹತ್ತಿದೆ, ಅವನು ಬಿಡಲ್ಲ. ಇನ್ನು ಪುಸ್ತಕದ ಫೋಟೋ ಹೊಡೆದು ಪಿಡಿಎಫ್ ಮಾಡುವವರದ್ದು ಬೇರೆ ಕತೆ. ಅದರಲ್ಲಿ ಪೌಂಡೂ ಇಲ್ಲ, ಏನೂ ಇಲ್ಲ, ಬರೀ ಚಿತ್ರ. ಫೋನು ಸುಮ್ಮನಿರುತ್ತೆ.

ನನಗೆ ಸಿಟ್ಟು ಬರುವುದು ಇಲ್ಲೇ. ಉಪಕರಣ ಇಲ್ಲ, ದುಡ್ಡು ಇಲ್ಲ ಅಂತ ಹೇಳುವ ಕಾಲ ಮುಗಿದು ಎಷ್ಟು ವರ್ಷವಾಯಿತು! ಸ್ಕ್ರೀನ್ ರೀಡರ್ ಬೇಕೆಂದರೆ ಸಾವಿರಾರು ರೂಪಾಯಿ ಸುರಿಯಬೇಕಾಗಿದ್ದ ಕಾಲದಲ್ಲಿ, 2006ರಲ್ಲಿ, ಆಸ್ಟ್ರೇಲಿಯಾದ ಮೈಕೆಲ್ ಕರನ್ ಎಂಬ ಅಂಧ ಯುವಕ ಎನ್‌ವಿಡಿಎ ಎಂಬ ತಂತ್ರಾಂಶ ಬರೆಯಲು ಶುರು ಮಾಡಿದ. ಜೇಮ್ಸ್ ಟೆಹ್ ಎಂಬ ಇನ್ನೊಬ್ಬ ಅಂಧ ಗೆಳೆಯ ಜೊತೆಗೂಡಿದ. ಕಾಣುವವರು ಕಂಪ್ಯೂಟರ್ ಪರದೆಗೆ ಬೇರೆ ಕಾಸು ಕೊಡುತ್ತಾರಾ, ನಾವ್ಯಾಕೆ ಕೊಡಬೇಕು ಅನ್ನೋದು ಅದರ ಹಿಂದಿನ ತರ್ಕ. ಇವತ್ತಿಗೂ ಅದು ಉಚಿತ. ಅದರೊಳಗಿನ ದನಿಗೆ ಕನ್ನಡವೂ ಬರುತ್ತೆ. ಸ್ವಲ್ಪ ಯಂತ್ರದ ಉಚ್ಚಾರ, ಮೊದಲ ದಿನ ಕಿವಿಗೆ ಕಷ್ಟ. ಆದರೆ ಪಳಗಿದವರು ನಾವು ಸುದ್ದಿ ಓದುವ ವೇಗದ ಎರಡು ಪಟ್ಟು ವೇಗದಲ್ಲಿ ಕೇಳಿಸಿಕೊಳ್ಳುತ್ತಾರೆ. ಆಂಡ್ರಾಯ್ಡ್ ಫೋನುಗಳಲ್ಲಿ ಟಾಕ್‌ಬ್ಯಾಕ್ ಇದೆ, ಅದೂ ಬಿಟ್ಟಿ. ಉಪಕರಣ ತಯಾರಾಗಿ ಕೂತಿದೆ, ಓದೋಕೆ ನಾವು ಕೊಡುತ್ತಿರುವ ಕಡತವೇ ಸರಿ ಇಲ್ಲ.

ಕಾನೂನು ಇಲ್ವಾ? ಇದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 17ನೇ ಸೆಕ್ಷನ್ ಓದಿ. ಶೇಕಡ 40 ಅಥವಾ ಹೆಚ್ಚಿನ ಅಂಗವೈಕಲ್ಯ ಇರುವ ಮಕ್ಕಳಿಗೆ 18 ವರ್ಷದವರೆಗೆ ಪುಸ್ತಕ, ಕಲಿಕಾ ಸಾಮಗ್ರಿ, ಸೂಕ್ತ ಸಹಾಯಕ ಉಪಕರಣ ಉಚಿತವಾಗಿ ಕೊಡಬೇಕು ಅಂತಿದೆ. ಹಕ್ಕುಸ್ವಾಮ್ಯದ ನೆಪವನ್ನೂ ಹೇಳೋ ಹಾಗಿಲ್ಲ. ಪುಸ್ತಕವನ್ನು ಇಂಥ ಮಕ್ಕಳು ಓದುವ ರೂಪಕ್ಕೆ ತರಲು 2012ರ ತಿದ್ದುಪಡಿಯೇ ದಾರಿ ಬಿಟ್ಟುಕೊಟ್ಟಿದೆ. ಇದೇ ಉದ್ದೇಶದ ಮರಾಕೇಶ್ ಒಪ್ಪಂದವನ್ನು 2014ರಲ್ಲಿ ಎಲ್ಲರಿಗಿಂತ ಮೊದಲು ಅನುಮೋದಿಸಿದ ದೇಶ ನಮ್ಮದೇ ಸ್ವಾಮಿ!

ಕಿವಿ ಕೇಳದ ಮಕ್ಕಳ ಕಡೆ ಒಂದಿಷ್ಟು ಕೆಲಸ ಆಗಿದೆ. ಎನ್‌ಸಿಇಆರ್‌ಟಿ ಪಠ್ಯಗಳನ್ನು ಭಾರತೀಯ ಸನ್ನೆ ಭಾಷೆಗೆ ತರುವ ಒಪ್ಪಂದ 2020ರ ಅಕ್ಟೋಬರಿನಲ್ಲಾಯಿತು, ವಿಡಿಯೊಗಳು ಬಂದವು.

ಇನ್ನು ಸ್ಮಾರ್ಟ್ ಬೋರ್ಡ್. ಉದ್ಘಾಟನೆಗೆ ಶಾಸಕರು ಬರುತ್ತಾರೆ, ಟೇಪು ಕತ್ತರಿಸುತ್ತಾರೆ. ಆಮೇಲೆ ಮೇಡಂ ಪಾಠ ಶುರು ಮಾಡಿ, ‘ನೋಡಿ ಮಕ್ಕಳೇ, ರಕ್ತ ಇಲ್ಲಿಂದ ಹೀಗೆ ಹೋಗಿ ಇಲ್ಲಿಗೆ ಬರುತ್ತೆ’ ಅಂದರೆ, ಕಾಣದ ಮಗುವಿಗೆ ‘ಇಲ್ಲಿ’ ಅಂದರೆ ಎಲ್ಲಿ? ‘ಬಲ ಹೃತ್ಕುಕ್ಷಿಯಿಂದ ಶ್ವಾಸಕೋಶಕ್ಕೆ’ ಅಂತ ಬಾಯಲ್ಲಿ ಹೇಳಿದರೆ ಅರ್ಧ ಕೆಲಸ ಆಯಿತು. ಉಳಿದರ್ಧಕ್ಕೆ ಮುಟ್ಟಿ ತಿಳಿಯುವ ಉಬ್ಬುಚಿತ್ರ ಬೇಕು. ಚಿತ್ರ, ಸಮೀಕರಣ, ನಕ್ಷೆ ನಿಜಕ್ಕೂ ಕಷ್ಟದ ಭಾಗ, ಅವಕ್ಕೆ ಕೂತು ವಿವರಣೆ ಬರೆಯುವ ಜನ ಬೇಕು. (ಟಿವಿಯವರಲ್ಲೂ ಈ ಚಾಳಿ ಇದೆ ಬಿಡಿ. ‘ಪರದೆಯ ಮೇಲೆ ಕಾಣ್ತಿರೋ ನಂಬರಿಗೆ ಕರೆ ಮಾಡಿ’ ಅಂತಾರೆ, ನಂಬರ್ ಹೇಳಲ್ಲ.)

ಆದರೆ ಪಠ್ಯಕ್ಕೆ ಅಷ್ಟು ಕಷ್ಟವೂ ಇಲ್ಲ. ಹಳೆ ಫಾಂಟಿನಿಂದ ಯುನಿಕೋಡ್‌ಗೆ ಬದಲಿಸುವ ಪರಿವರ್ತಕಗಳು ಉಚಿತವಾಗಿ ಸಿಗುತ್ತವೆ. ಒಂದೆರಡು ತಪ್ಪು ಬರುತ್ತೆ, ತಿದ್ದಬೇಕು. ನಿಮ್ಮ ಮಗುವಿನ ಶಾಲೆಯಿಂದ ಬಂದ ಕನ್ನಡ ಪಿಡಿಎಫ್ ಹೇಗಿದೆ ಅಂತ ಇವತ್ತೇ ನೋಡಿ. ಅದರ ಒಂದು ಸಾಲನ್ನು ಒತ್ತಿ ಹಿಡಿದು ಕಾಪಿ ಮಾಡಿ, ವಾಟ್ಸಾಪಿನಲ್ಲಿ ಪೇಸ್ಟ್ ಮಾಡಿ. ಕನ್ನಡ ಬಂದರೆ ಒಳ್ಳೇದು. ಪೌಂಡ್ ಬಂತಾ, ಅಥವಾ ಸಾಲು ಆಯ್ಕೆಯೇ ಆಗಲಿಲ್ವಾ? ಅದೇ ಗ್ರೂಪಿನಲ್ಲಿ ಮೇಷ್ಟ್ರಿಗೆ ಒಂದು ಮಾತು ಕೇಳಿ: ‘ಸಾರ್, ಇದನ್ನೇ ಯುನಿಕೋಡ್‌ನಲ್ಲಿ ಕಳಿಸ್ತೀರಾ?’